ತವರಾಗ ಹಾಕ್ಸೇವ್ರಿ

ಮಗಳಿಗೆ ಮೊದಲ ಚುಚ್ಚುಮದ್ದು ಹಾಕಿಸಿದ ದಿನ ಅವಳ ತೊಡೆ ಬಾತು ಮೈ ಕೆಂಡವಾಗಿತ್ತು. ಅದೇ ಕೊನೆ. ಆಮೇಲೆ ಹುಕ್ಕೇರಿಯ ನಮ್ಮ ಓಣಿಗೆ ಆಶಾ ಕಾರ್ಯಕರ್ತೆ ಬಂದಾಗಲೆಲ್ಲ "ತವರಾಗ ಹಾಕ್ಸೇವ್ರಿ" ಎಂದೆ. ತವರೂರು ಕುಲಗೋಡಕ್ಕೆ ಹೋದಾಗ ಅಲ್ಲಿಯ ನರ್ಸ್ ಕೇಳಿದರೆ, "ಹುಕ್ಕೇರ್ಯಾಗ ಆಗೈತ್ರಿ, ಕಾರ್ಡ್ ಅಲ್ಲೇ ಉಳದೈತಿ" ಎಂದೆ. ಹೀಗೆ ಐದು ವರ್ಷ ದಾಟಿಸಿದೆ. ಬಿ.ಎ. ಓದಿದವಳು ನೋಡಿ, ಸುಳ್ಳನ್ನೂ ಅಚ್ಚುಕಟ್ಟಾಗಿ ಹೇಳುತ್ತಿದ್ದೆ.

ಕಳೆದ ವರ್ಷ ತಮ್ಮನಿಗೆ ಗಂಡು ಕೂಸು ಹುಟ್ಟಿತು. ಅವನ ಹೆಂಡತಿಯ ತವರು ತುಕ್ಕಾನಟ್ಟಿಯಲ್ಲಿ, ಹದಿಮೂರನೆಯ ದಿನ ತೊಟ್ಟಿಲ ಕಾರ್ಯ. ಸೋದರತ್ತೆಯಾದ ನಾನೇ ಹೆಸರಿಡಬೇಕು. ಮಗಳಿಗೆ ಒಂದು ವಾರದಿಂದ ಕೆಮ್ಮಿತ್ತು. ತಂಡಿಯಾಗಿದೆ ಎಂದುಕೊಂಡು ಕರೆದೊಯ್ದೆ.

ಕೂಸಿನ ಕಿವಿಯಲ್ಲಿ "ಕುರ್ರ್" ಎಂದು ನಾನು ಹೆಸರು ಹೇಳುತ್ತಿದ್ದಂತೆ ಹೆಂಗಸರೆಲ್ಲ ಪದ್ಧತಿಯಂತೆ ನನ್ನ ಬೆನ್ನಿಗೆ ಗುದ್ದಿದರು. ತಾನೂ ಅನ್ನಬೇಕೆಂದು ಮಗಳು ಹಟ ಹಿಡಿದಳು. ನಾನೇ ಅವಳನ್ನೆತ್ತಿ ತೊಟ್ಟಿಲೊಳಗೆ ಬಗ್ಗಿಸಿದೆ. ಬಾಯಿ ತೆರೆದದ್ದೇ ತಡ, ಕೆಮ್ಮು ಒತ್ತರಿಸಿ ಬಂತು. ಕೂಸು ಬೆಚ್ಚಿಬಿದ್ದದ್ದು ಕಂಡು ಎಲ್ಲರೂ ನಕ್ಕರು, ನಾನೂ ನಕ್ಕೆ.

ಹತ್ತು ದಿನಕ್ಕೆ ಕೂಸು ಕೆಮ್ಮತೊಡಗಿತು. ಕೆಮ್ಮಿ ಕೆಮ್ಮಿ ಉಸಿರುಗಟ್ಟಿ ನೀಲಿಯಾಗುತ್ತಿತ್ತು. ಘಟಪ್ರಭಾದ ಆಸ್ಪತ್ರೆಗೆ ಒಯ್ದೆವು. ನಾಯಿಕೆಮ್ಮು ಎಂದರು ಡಾಕ್ಟರು. ಕೂಸಿಗೆ ಇನ್ನೂ ಆ ರೋಗದ ಮೊದಲ ಚುಚ್ಚುಮದ್ದು ಹಾಕುವಷ್ಟು ದಿನವೇ ತುಂಬಿರಲಿಲ್ಲ. ಬೇರೆ ಯಾರಿಂದಲೋ ತಗುಲಿರಬೇಕು ಎಂದರು.

"ಮನ್ಯಾಗ ಚುಚ್ಚುಮದ್ದು ಹಾಕ್ಸದ ಮಕ್ಕಳು ಅದಾವೇನ್ರಿ?" ಎಂದು ಕೇಳಿದರು.

"ಇಲ್ರಿ," ಎಂದಳು ತಮ್ಮನ ಹೆಂಡತಿ, ನನ್ನ ಕಡೆ ನೋಡಿ. "ಅಕ್ಕಾರ ಮಗಳು ಒಬ್ಬಾಕೀನ ಸಣ್ಣಾಕಿ. ಅಕಿಗೆ ಎಲ್ಲಾ ಆಗ್ಯಾವ್ರಿ. ಅಕ್ಕಾರು ಕಲತಾವ್ರು."

ಡಾಕ್ಟರು ನನ್ನ ಮುಖ ನೋಡಿದರು. ನಾನು ಹೌದೆಂದು ತಲೆಯಾಡಿಸಿದೆ.

ಮೂರನೆಯ ದಿನ ಬೆಳಿಗ್ಗೆ ಕೂಸು ಹೋಯಿತು. ಅಷ್ಟಗಲದ ಬಿಳಿ ಬಟ್ಟೆಯಲ್ಲಿ ಸುತ್ತಿ ತಮ್ಮನ ಕೈಗೆ ಕೊಟ್ಟರು.

ಮಗಳ ಕೆಮ್ಮು ತಿಂಗಳುಗಟ್ಟಲೆ ಕಾಡಿ ಹೋಯಿತು. ಆಮೇಲೆ ಯಾರಿಗೂ ಹೇಳದೆ ಅವಳನ್ನು ಗೋಕಾಕಕ್ಕೆ ಕರೆದೊಯ್ದು ಚುಚ್ಚುಮದ್ದು ಹಾಕಿಸಿದೆ. ಜ್ವರ ಬಂತು, ಎರಡು ದಿನಕ್ಕೆ ಇಳಿಯಿತು. ಈ ಎರಡು ದಿನಕ್ಕೆ ಹೆದರಿದ್ದೆನಲ್ಲ ಎಂದು ನನ್ನ ಮೇಲೇ ನನಗೆ ಹೇಸಿಗೆಯಾಯಿತು.

ದೀಪಾವಳಿಗೆ ಕುಲಗೋಡಕ್ಕೆ ಹೋದೆ. ತಮ್ಮನ ಹೆಂಡತಿ ನನ್ನ ಮಗಳನ್ನು ಮುಂದೆ ಕೂರಿಸಿಕೊಂಡು ತಲೆಗೆ ಎಣ್ಣೆ ಹಚ್ಚುತ್ತಿದ್ದಳು.

"ಅಕ್ಕಾರ, ಇಕಿನ್ನ ನಾಕ ದಿನ ನನ್ನ ಹಂತ್ಯಾಕ ಬಿಟ್ಟ ಹೋಗ್ರಿ," ಎಂದಳು. "ಇಕಿನ್ನ ಅಪ್ಪಿಕೊಂಡ ಮಲಗಿದ್ರ ಅಷ್ಟರ ನಿದ್ದಿ ಬರತೈತಿ ನನಗ."

ಬಿಟ್ಟು ಬಂದೆ.