ನಾಲಿಗೆ ತುರಿಸದ ಪುಡಿ

ಕಳೆದ ವಾರ ವಾಕಡದ ಸಂತೆಯಲ್ಲಿ ಒಬ್ಬಾಕೆ ಗೋಣಿಯ ಮೇಲೆ ಮಂಗರವಳ್ಳಿ ಹರವಿಕೊಂಡು ಕುಳಿತಿದ್ದಳು. ನಾಲ್ಕು ಏಣಿನ ಆ ಹಸಿರು ಕಾಂಡವನ್ನು ಗೆಣ್ಣಿನಲ್ಲಿ ಮುರಿದಾಗ ಬಂದ ಹಸಿ ವಾಸನೆ ನನ್ನನ್ನು ಇದೇ ನಗರದ ಖಡಕಿಯಲ್ಲಿದ್ದ ನನ್ನ ಹಳೆಯ ಬಾಡಿಗೆ ಮನೆಗೆ, ಎದುರುಮನೆಯ ಕಾಕುವಿನ ಒಲೆಯ ಮುಂದಕ್ಕೆ ಒಯ್ದಿತು…

ಕಾಕು, ಅಂದರೆ ಚಿಕ್ಕಮ್ಮ, ಎಂದೇ ನಾನು ಕರೆಯುತ್ತಿದ್ದ ಅವರು ವಿಜಾಪುರದ ಕಡೆಯವರು. ಗಂಡ ತೀರಿದ ಮೇಲೆ ಒಬ್ಬರೇ ಇದ್ದರು. ಒಂದು ಬೆಳಿಗ್ಗೆ ಒದ್ದೆ ಚಾದರ ಹಿಂಡುವಾಗ ಅವರ ಮಣಿಕಟ್ಟು ಮುರಿಯಿತು. ಬಿದ್ದಿರಲಿಲ್ಲ, ಪೆಟ್ಟಾಗಿರಲಿಲ್ಲ, ಬರೀ ಹಿಂಡಿದ್ದರು. ಹೆಣ್ಣಿನ ಮೂಳೆ ಸವೆಯುವುದನ್ನು ‘ವಯಸ್ಸಾಯಿತು’ ಎಂಬ ಒಂದೇ ಮಾತಿನಲ್ಲಿ ಮುಗಿಸುವುದು ಅನ್ಯಾಯ. ಮನೆಯ ಹಾಲಿನಲ್ಲಿ ಕೊನೆಯ ಪಾಲು ಅವಳದ್ದು, ವೈದ್ಯರ ಬಾಗಿಲಿನಲ್ಲಿ ಕೊನೆಯ ಸರದಿಯೂ ಅವಳದ್ದೇ.

ಆಗ ನಗರದ ಆಸ್ಪತ್ರೆಯೊಂದರಲ್ಲಿ, ಮಂಗರವಳ್ಳಿಯ ಸಾರ ಮೂಳೆಯ ಸವೆತವನ್ನು ತಡೆಯಬಲ್ಲದೇ ಎಂಬ ಪ್ರಯೋಗ ನಡೆದಿತ್ತು. ಕಾಕು ಸೇರಿಕೊಂಡರು. ಕೆಲವರಿಗೆ ಸಾರ ತುಂಬಿದ ಕ್ಯಾಪ್ಸೂಲು, ಕೆಲವರಿಗೆ ಬರೀ ಹಿಟ್ಟಿನದು. ಯಾರಿಗೆ ಯಾವುದೆಂದು ಮುಗಿಯುವವರೆಗೆ ಹೇಳುವಂತಿಲ್ಲ. ಆ ನಿಯಮ ಸರಿಯಾದದ್ದೇ. ಮುಗಿದ ಮೇಲೆ ತಿಳಿಸುತ್ತೇವೆ ಎಂಬ ಮಾತೂ ಅದರೊಂದಿಗಿತ್ತು.

ಕಾಕು ಕಾಯಲಿಲ್ಲ. ಅವರ ಕಡೆ ಈ ಬಳ್ಳಿಯ ಚಟ್ನಿ ಮಾಡಲು ಕೈಗೆ ಎಣ್ಣೆ ಸವರಿಕೊಂಡೇ ಕೂರಬೇಕು. ಹುರಿದು ಹುಣಸೆಹಣ್ಣು ಹಾಕದಿದ್ದರೆ ನಾಲಿಗೆ ತುರಿಸುತ್ತದೆ. ಒಂದು ಮಧ್ಯಾಹ್ನ ನನ್ನೆದುರೇ ಕ್ಯಾಪ್ಸೂಲು ಬಿಚ್ಚಿ, ಪುಡಿಯನ್ನು ನಾಲಿಗೆಯ ತುದಿಗೆ ಮುಟ್ಟಿಸಿಕೊಂಡು ಕಣ್ಣು ಮುಚ್ಚಿದರು.

“ತುರಸವಲ್ದು ನೋಡ್ರಿ. ನನ್ನ ಪಾಲಿಗೆ ಹಿಟ್ಟ ಬಂದದ.”

“ಸಾರ ತಗಿಯೂಮುಂದ ತುರಿಕಿ ಹೋಗಿರಬೇಕು, ಕಾಕು. ನಾಲಿಗಿಗೆ ಹೆಂಗ ಗೊತ್ತಾಗಬೇಕು?”

“ನೀವ ನ್ಯಾಯಕ್ಕಂತ ಬೀದ್ಯಾಗ ಮೋರ್ಚಾ ತಗೀರಿ. ಬಳ್ಳೀ ರುಚಿ ನಮಗ ಬಿಡ್ರಿ,” ಎಂದು ನಕ್ಕರು. ಮತ್ತೊಂದು ಕ್ಯಾಪ್ಸೂಲು ತೆಗೆದು ನೀರಿನೊಂದಿಗೆ ನುಂಗಿದರು.

“ಹಿಟ್ಟಂತೀರಿ, ಮತ್ಯಾಕ ನುಂಗ್ತೀರಿ?”

“ಬಿಟ್ರ ಪಟ್ಟಿಯೊಳಗಿಂದ ಹೆಸರು ತಗೀತಾರ. ದವಾಖಾನಿ ಪೋರಿ ವಾರಕ್ಕೊಮ್ಮೆ ಫೋನ್ ಮಾಡಿ ಮರಾಠಿಯೊಳಗ ‘ಕಾಕೂ, ಕಶಾ ಆಹಾತ?’ ಅಂತಾಳ. ಹೆಂಗದೀರಿ ಅಂತ ನನ್ನ ಮತ್ಯಾರ ಕೇಳ್ತಾರ್ರಿ?”



ಮುಂದೆ ಪ್ರಯೋಗಕ್ಕೆ ಹಣ ಕೊಡುತ್ತಿದ್ದವರು ಹಿಂದೆ ಸರಿದರು. ಪ್ರಯೋಗ ನಡುವೆಯೇ ನಿಂತಿತು, ಫೋನೂ ನಿಂತಿತು. “ಹಿಟ್ಟೋ ಬಳ್ಳಿಯೋ, ಅಷ್ಟ ಹೇಳಿದ್ರ ಸಾಕಾಗಿತ್ತು,” ಎನ್ನುತ್ತಿದ್ದರು ಕಾಕು. ನಾನು ಬರೆದೆ, ಅಲೆದೆ. ಆಸ್ಪತ್ರೆಯವರು ಹಣದವರ ಕಡೆಗೆ, ಹಣದವರು ಆಸ್ಪತ್ರೆಯ ಕಡೆಗೆ ಬೆರಳು ತೋರಿದರು. ದೇಹವನ್ನು ಪಡೆದು ಉತ್ತರವನ್ನು ಕೊಡದಿರುವುದು ಕಳವು. ಇಂದಿಗೂ ಹಾಗೆಂದೇ ಹೇಳುತ್ತೇನೆ. ಇನ್ನೂ ರುಜುವಾತಾಗದ ಅದೇ ಬಳ್ಳಿಯನ್ನು ‘ಎಲುಬಿಗೆ ಗ್ಯಾರಂಟಿ’ ಎಂದು ಡಬ್ಬಿಯಲ್ಲಿ ಮಾರುವುದೂ ಕಳವೇ.

ಮರುವರ್ಷದ ಚಳಿಗಾಲದಲ್ಲಿ ಕಾಕುವಿನ ಸೊಂಟದ ಮೂಳೆ ಮುರಿಯಿತು. ಹಾಸಿಗೆ ಹಿಡಿದವರು ಮತ್ತೆ ಏಳಲಿಲ್ಲ. ಉತ್ತರ ಬರಲಿಲ್ಲ.

ಸಂತೆಯಿಂದ ಬಂದು ಬಳ್ಳಿಯ ಗೆಣ್ಣೊಂದನ್ನು ಹಸಿಯಾಗಿಯೇ ನಾಲಿಗೆಗೆ ಮುಟ್ಟಿಸಿದೆ. ತುರಿಸಿತು. ಯಾರಿಗಾದರೂ ಹೇಳಬೇಕೆನಿಸಿ ಬಾಗಿಲು ತೆರೆದೆ. ಎದುರಿನ ಬಾಗಿಲು ಮುಚ್ಚಿತ್ತು. ನಾನೀಗ ಇರುವ ಈ ಕಟ್ಟಡಕ್ಕೆ ಬಂದು ಇಷ್ಟು ಕಾಲವಾಯಿತು. ಅದರಾಚೆ ಯಾರಿದ್ದಾರೆಂದು ನನಗೆ ಗೊತ್ತಿಲ್ಲ…