ಪಾಕೀಟು ಒಡೆದದ್ದಕ್ಕಲ್ಲ

ಇದರಲ್ಲಿ ಕೆಲವು ವಿವರಗಳು ನನಗೆ ತಪ್ಪಾಗಿ ನೆನಪಿರಬಹುದು. ಆ ದಿನ ನಾಣ್ಯಗಳು ಒಂಬತ್ತಿದ್ದವೋ ಹತ್ತೋ, ಅಂಗಡಿಯಲ್ಲಿ ನಾವಲ್ಲದೆ ಬೇರೆ ಗಿರಾಕಿಗಳಿದ್ದರೋ, ಕಾಕಿ ನನ್ನ ಕಡೆ ತಿರುಗುವ ಮೊದಲು ಸ್ವಲ್ಪ ತಡೆದಳೋ ಇಲ್ಲವೋ — ಇವುಗಳ ಬಗ್ಗೆ ಆಣೆ ಮಾಡಿ ಹೇಳಲಾರೆ. ಆದರೆ ನಾನಾಡಿದ ಮಾತು ಅಕ್ಷರಶಃ ನೆನಪಿದೆ. ನನ್ನ ಕಾಕಿ, ಚಿಕ್ಕಪ್ಪನ ಹೆಂಡತಿ ನೀಲವ್ವ, ಏಳು ವರ್ಷಗಳಿಂದ ತನ್ನದೆಂದು ಹೇಳಿಕೊಂಡು ಬಂದಿರುವ ತಪ್ಪು ಅವಳದಲ್ಲ, ನನ್ನದು. ನನಗದು ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದೆ — ಇಲ್ಲ, ಸುಮ್ಮನಿದ್ದೆ ಎಂದರೂ ಸುಳ್ಳಾಗುತ್ತದೆ. ಅವಳು ಕೇಳಿದಾಗ ಹೌದು ಎಂದೆ.

ಇದನ್ನು ಈಗ ಬರೆಯಲು ಕಾರಣ ಒಂದು ಸಣ್ಣ ಕೆಲಸ. ಸಂಗೊಳ್ಳಿಯ ಹೆಣ್ಣುಮಕ್ಕಳ ಸಂಘದವರು, ಮೊದಲ ಸಲ ಬಂಗಾರದ ನಾಣ್ಯ ಕೊಳ್ಳುವವರಿಗೆ ಉಪಯೋಗವಾಗುವಂತೆ ಎರಡು ಪುಟ ಬರೆದುಕೊಡಿ ಎಂದು ಕೇಳಿದರು. ಸಂಗೊಳ್ಳಿ ನನ್ನ ತವರು. ನಾನು ಧಾರವಾಡದಲ್ಲಿ ಅರ್ಥಶಾಸ್ತ್ರ ಓದಿದವಳು, ಬೈಲಹೊಂಗಲದಲ್ಲಿ ಅದನ್ನೇ ಪಾಠ ಹೇಳುವವಳು. ಒಂದು ಸಂಜೆ ಕುಳಿತರೆ ಮುಗಿಯುತ್ತದೆ ಎಂದುಕೊಂಡೆ.

ಬರೆಯತೊಡಗಿದೆ. ನಾಣ್ಯದ ಮೇಲೆ ಶುದ್ಧತೆಯ ಅಂಕಿ ಮತ್ತು ಹಾಲ್‌ಮಾರ್ಕ್ ಗುರುತು ಎರಡೂ ಇರಬೇಕು. ಚೊಕ್ಕ ಬಂಗಾರ ಎಂಬ ಬಾಯಿಮಾತು ಸಾಲದು. ಒಂದೊಂದು ಗ್ರಾಮಿನ ಹತ್ತು ನಾಣ್ಯ ಕೊಂಡರೆ ಹತ್ತು ಗ್ರಾಮಿನ ಒಂದಕ್ಕಿಂತ ಮಜೂರಿ, ಅಂದರೆ ಮಾಡುವ ಕೂಲಿ, ಹೆಚ್ಚು ಬೀಳುತ್ತದೆ. ಆದರೆ ಅಡಚಣೆಗೆ ಒಂದಿಷ್ಟನ್ನೇ ಮಾರಬೇಕಾದಾಗ ಸಣ್ಣವೇ ಅನುಕೂಲ. ಬ್ಯಾಂಕಿನವರು ನಾಣ್ಯ ಮಾರುತ್ತಾರೆ, ತಿರುಗಿ ಕೊಳ್ಳುವುದಿಲ್ಲ. ಅಂಗಡಿಯಲ್ಲಾದರೆ ಕೊಳ್ಳುವ ದಿನವೇ, ನಾಳೆ ಮಾರಲು ಬಂದರೆ ಎಷ್ಟು ಮುರಿದುಕೊಳ್ಳುತ್ತೀರಿ ಎಂದು ಕೇಳಬೇಕು. ಬೆಲೆ ಏರುತ್ತಲೇ ಇರುತ್ತದೆಂದು ತಿಳಿಯಬಾರದು, ಬೇಗ ಬೇಕಾಗುವ ದುಡ್ಡನ್ನು ಇದರಲ್ಲಿ ಹಾಕಬಾರದು. ಇಲ್ಲಿಯವರೆಗೆ ಪೆನ್ನು ಸರಾಗವಾಗಿ ಓಡಿತು. ‘ಪರಿಚಯದವರ ಅಂಗಡಿ ಎಂದು ಬಿಲ್ಲಿಲ್ಲದೆ ಕೊಳ್ಳಬೇಡಿ’ ಎಂದು ಬರೆದೆ. ಕೆಳಗೆ ಒಂದು ಉದಾಹರಣೆ ಕೊಡೋಣ ಎಂದುಕೊಂಡೆ. ಅಲ್ಲಿ ನಿಂತಿತು.

ಉದಾಹರಣೆ ಕಾಕಿಯದೇ.

ಕಾಕಿ ಜೋಳದ ಖಡಕ್ ರೊಟ್ಟಿ ಮಾಡಿ ಮಾರುತ್ತಾಳೆ. ಬೈಲಹೊಂಗಲದ ಎರಡು ಖಾನಾವಳಿಗಳಿಗೆ, ಮದುವೆ ಮನೆಗಳಿಗೆ, ಬೆಳಗಾವಿಯಲ್ಲಿ ಕೆಲಸಕ್ಕಿರುವವರ ಮನೆಗಳಿಗೆ ಅವಳ ರೊಟ್ಟಿ ಹೋಗುತ್ತದೆ. ಕೈಯಲ್ಲಿ ಒಂದಿಷ್ಟು ಕೂಡಿದಾಗಲೆಲ್ಲ ನನ್ನ ಹತ್ತಿರ ತಂದು ಕೊಡುತ್ತಿದ್ದಳು. ನಾನು ಒಂದು ನಾಣ್ಯ ಕೊಂಡು ತಂದುಕೊಡುತ್ತಿದ್ದೆ. ಒಡವೆ ಯಾಕೆ ಬೇಡ ಎಂದು ಒಮ್ಮೆ ಕೇಳಿದ್ದೆ.

“ಮೈಮ್ಯಾಲ ಹಾಕ್ಕೊಂಡ್ರ ಮಂದೀಗೆ ಕಾಣತೈತಿ,” ಎಂದಿದ್ದಳು. “ನಾಳೆ ಯಾರದರ ಲಗ್ನ ಬಂದ್ರ ಎರಡ ದಿನದ ಮಟ್ಟಿಗೆ ಕೊಡಬೇ ಅಂತ ಬರ್ತಾರ. ಕೊಟ್ರ ಜೀವ ಹೋಕ್ಕೈತಿ, ಕೊಡದಿದ್ರ ಮಾತ ಹೋಕ್ಕೈತಿ. ಜ್ವಾಳದ ಡಬ್ಬ್ಯಾಗ ಇದ್ದದ್ದು ಯಾರಿಗೂ ಕಾಣಂಗಿಲ್ಲ.”

ಅವಳಿಗೆ ಬೇಕಾಗಿದ್ದದ್ದು ರೊಟ್ಟಿ ಮಾಡುವ ಮಷೀನು. ಬಲಗೈ ಭುಜದ ನೋವು ಆಗಲೇ ಶುರುವಾಗಿತ್ತು. ಇನ್ನೂ ಹತ್ತು ವರ್ಷ ಕೈಯಲ್ಲೇ ಬಡಿದರೆ ಈ ಕೈ ಜಡೆ ಹಾಕಿಕೊಳ್ಳಲಿಕ್ಕೂ ಬರುವುದಿಲ್ಲ ಎನ್ನುತ್ತಿದ್ದಳು.

ಅಂಗಡಿಯನ್ನು ಆರಿಸಿದವಳು ನಾನು. ಬೈಲಹೊಂಗಲದ ಪೇಟೆಯಲ್ಲಿ ನನ್ನ ಗಂಡನ ಗೆಳೆಯರೊಬ್ಬರದು. ಈಗ ಆ ಅಂಗಡಿ ಇಲ್ಲ, ಅವರೂ ಊರಲ್ಲಿಲ್ಲ. ನಾಣ್ಯವನ್ನು ಅಂಗಡಿಯ ಹೆಸರಿನ ರಟ್ಟಿನ ಮೇಲಿಟ್ಟು, ಮೇಲೆ ಪ್ಲಾಸ್ಟಿಕ್ ಅಂಟಿಸಿ ಪಾಕೀಟು ಮಾಡಿ ಕೊಡುತ್ತಿದ್ದರು. ಆ ಅಂಟು ಅವರೇ ಹಾಕಿದ್ದು. ಅದರ ಹಿಂದೆ ಯಾವ ಪರೀಕ್ಷೆಯೂ ಇರಲಿಲ್ಲ. ಬಿಲ್ಲಿನ ಬದಲು ಒಂದು ಚೀಟಿ. ತೆರಿಗೆ ಉಳಿಯುತ್ತದಲ್ಲ ಎಂದು ಕಾಕಿಗೆ ನಾನೇ ಸಮಾಧಾನ ಹೇಳಿದ್ದೆ — ಅರ್ಥಶಾಸ್ತ್ರ ಓದಿದ ನಾನು. ನನ್ನ ಮಾತಿನ ಮೇಲೆ ಇನ್ನಿಬ್ಬರು ಅಲ್ಲಿಯೇ ಕೊಂಡರು. ಆ ವರ್ಷ ನಾನು ಒಂದು ಜೊತೆ ಪಾಟ್ಲಿ ಬಳೆ ಮಾಡಿಸಲು ಹಾಕಿದ್ದೆ. ಒಯ್ಯಲು ಹೋದ ದಿನ ಅಂಗಡಿಯವರು, “ವೈನಿ, ನಿಮಗ ಮಜೂರಿ ಹಿಡಿಯಂಗಿಲ್ಲ ಬಿಡ್ರಿ. ಇಷ್ಟ ಮಂದೀನ್ನ ಕರ್ಕೊಂಡ ಬಂದೀರಿ,” ಎಂದರು. ನಾನು ನಕ್ಕೆ. ಬೇಡ ಎನ್ನಲಿಲ್ಲ. ಮನೆಯಲ್ಲಿ ಯಾರಿಗೂ ಹೇಳಲೂ ಇಲ್ಲ — ಅದನ್ನು ಆಗ ಗುಟ್ಟೆಂದು ಕೂಡ ತಿಳಿದಿರಲಿಲ್ಲ, ಹೇಳುವಂಥದ್ದಲ್ಲ ಎಂದಷ್ಟೇ ತಿಳಿದಿದ್ದೆ.

ಇನ್ನು ಕತ್ತರಿಯ ಮಾತು. ಒಂದು ದೀಪಾವಳಿ ಅಮಾವಾಸ್ಯೆಯಂದು ತವರಿಗೆ ಹೋದಾಗ, ಕಾಕಿ ಲಕ್ಷ್ಮೀಪೂಜೆಗೆಂದು ಎಲ್ಲ ಪಾಕೀಟುಗಳನ್ನೂ ಕತ್ತರಿಸಿ, ನಾಣ್ಯಗಳನ್ನು ಹಾಲಲ್ಲಿ ತೊಳೆದು, ತಟ್ಟೆಯಲ್ಲಿಟ್ಟು ಅರಿಶಿನ ಕುಂಕುಮ ಹಚ್ಚಿದ್ದಳು. ನಾನು ಗಾಬರಿಯಾಗಿ, ಪಾಕೀಟು ಒಡೆಯಬಾರದಿತ್ತಲ್ಲ ಎಂದೆ.

“ಮತ್ತ? ಪ್ಲಾಸ್ಟಿಕ್ಕಿಗೆ ಕುಂಕಮ ಹಚ್ಚಲ್ಯಾ?” ಎಂದಳು. “ಒಳಗ ಕುಂತಾಕಿ ಲಕ್ಷ್ಮೀ. ಆಕಿಗೂ ಉಸರಾಡಾಕ ಬೇಕಲ್ಲ.”

ನಾವಿಬ್ಬರೂ ನಕ್ಕೆವು. ನಮ್ಮ ಕಡೆ ಅನೇಕ ಮನೆಗಳಲ್ಲಿ ಹೀಗೆ ಮಾಡುತ್ತಾರೆ. ದೇವರ ಮುಂದೆ ಇಟ್ಟ ಬಂಗಾರಕ್ಕೆ ಕುಂಕುಮ ತಾಗಲೇಬೇಕು. ಪರೀಕ್ಷೆ ಮಾಡಿ ಮುಚ್ಚಿದ ಖರೆ ಪಾಕೀಟನ್ನೇ ಒಡೆದರೂ ಮಾರುವಾಗ ಮತ್ತೆ ಪರೀಕ್ಷೆ ಮಾಡಿಸಬೇಕಾಗುತ್ತದೆ, ಸ್ವಲ್ಪ ಕಿರಿಕಿರಿ. ಒಳಗಿನ ಬಂಗಾರ ಕಡಿಮೆಯಾಗುವುದಿಲ್ಲ. ಇದು ನನಗೆ ಆಗಲೂ ಗೊತ್ತಿತ್ತು.

ಮುಂದಿನದನ್ನು ನಾನು ಬಹಳ ವರ್ಷ ಬೇರೆ ಕ್ರಮದಲ್ಲಿ ನೆನಪಿಟ್ಟುಕೊಂಡಿದ್ದೆ. ಕಾಕಿ ನಾಣ್ಯ ಮಾರಿದಳು, ಬಂಗಾರವೇ ಕಡಿಮೆ ದರ್ಜೆಯದೆಂದು ನನಗೆ ಆಮೇಲೆ ತಿಳಿಯಿತು, ಅಷ್ಟರಲ್ಲಿ ಕಾಲ ಮೀರಿತ್ತು — ಹೀಗೆ. ಈ ಕ್ರಮದಲ್ಲಿ ನಾನು ಅರ್ಧ ಅಪರಾಧಿ ಮಾತ್ರ. ಸಂಘದವರಿಗೆ ಬರೆಯುವಾಗ ಖಚಿತಪಡಿಸಿಕೊಳ್ಳಲೆಂದು ಹಳೆಯ ದಿನಚರಿ ತೆಗೆದೆ. ಬೇಸಿಗೆಯ ಒಂದು ಪುಟದಲ್ಲಿ ನನ್ನದೇ ಅಕ್ಷರ: ‘ಬೆಳಗಾವಿಗೆ ಹೋಗಿದ್ದೆ. ನಾಣ್ಯ ಕಡಿಮೆ ಬಿತ್ತು. ನಾಳೆ ಅಂಗಡಿಗೆ ಹೋಗಿ ಕೇಳಬೇಕು.’ ಕಾಕಿ ನಾಣ್ಯ ಮಾರಿದ್ದು ಅದೇ ವರ್ಷ, ಶ್ರಾವಣ ಕಳೆದ ಮೇಲೆ. ಮಾರಿದ ದಿನದ ಪುಟದಲ್ಲಿ ಇರುವುದು ಎರಡೇ ಮಾತು: ‘ಕಾಕಿ ಬಂದಿದ್ದಳು. ಬಿಸಿಲು ಬಹಳ.’ ದಿನಚರಿಗೂ ನಾನು ಪೂರ್ತಿ ಹೇಳಿರಲಿಲ್ಲ.

ಅಂದರೆ ಆದದ್ದು ಹೀಗೆ. ನನ್ನಲ್ಲೂ ಅದೇ ಅಂಗಡಿಯ ಒಂದು ನಾಣ್ಯವಿತ್ತು, ಪಾಕೀಟು ಒಡೆದಿರಲಿಲ್ಲ. ಅದನ್ನು ಕೊಟ್ಟು ಉಂಗುರ ಮಾಡಿಸೋಣವೆಂದು ಬೆಳಗಾವಿಯ ಒಂದು ಅಂಗಡಿಗೆ ಒಯ್ದೆ. ಅವರು ನನ್ನೆದುರಿಗೇ ಪಾಕೀಟು ಕತ್ತರಿಸಿ, ನಾಣ್ಯವನ್ನು ಪರೀಕ್ಷೆಯ ಮಷೀನಿನಲ್ಲಿಟ್ಟು, ಚೀಟಿ ಕೈಗೆ ಕೊಟ್ಟರು. ಹೇಳಿದ್ದಕ್ಕಿಂತ ಬಹಳ ಕಡಿಮೆ ದರ್ಜೆ. ಮರುದಿನ ಆ ಚೀಟಿ ಹಿಡಿದು ಬೈಲಹೊಂಗಲದ ಅಂಗಡಿಗೆ ಹೋದೆ. ಅಂಗಡಿಯವರು ಜಗಳ ಮಾಡಲಿಲ್ಲ. ಚೀಟಿ ನೋಡಿ ಮಡಚಿಟ್ಟು, ದನಿ ತಗ್ಗಿಸಿ ಹೇಳಿದರು:

“ಒಂದ ಸಲದ ಮಾಲ ಹಂಗ ಬಂದಿತ್ರಿ, ವೈನಿ. ನಿಮ್ಮದು ಬದಲಿ ಮಾಡಿ ಕೊಡತೇನಿ. ಹೊರಗ ಮಾತ ಹೋಗೂದ ಬ್ಯಾಡ. ಮಂದಿ ಸುಮ್ಮ ಗಾಬರಿ ಆಗ್ತಾರ.”

ಹಾಲ್‌ಮಾರ್ಕ್ ಇದ್ದ ಬೇರೆ ನಾಣ್ಯ ಕೊಟ್ಟರು. ನಾನು ತೆಗೆದುಕೊಂಡೆ. ನಮ್ಮ ಕಾಕಿಯವು ಯಾವ ಸಲದ ಮಾಲು ಎಂದು ಕೇಳಬೇಕಿತ್ತು. ಕೇಳಬೇಕೆನಿಸಿತೇ — ಅನಿಸಿತು ಎಂದು ಬರೆದರೆ ನನಗೆ ಹಿತವಾಗುತ್ತದೆ, ಹಾಗಾಗಿ ಅದನ್ನು ನಂಬುವುದಿಲ್ಲ. ಕೇಳಲಿಲ್ಲ ಎನ್ನುವುದಷ್ಟೇ ಗಟ್ಟಿ.

ಕೆಲವು ತಿಂಗಳ ಮೇಲೆ ಕಾಕಿ ನಾಣ್ಯಗಳನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಬಂದಳು. ಮಷೀನಿಗೆ ಮುಂಗಡ ಕೊಟ್ಟಾಗಿತ್ತು. ಇಬ್ಬರೂ ಅಂಗಡಿಗೆ ಹೋದೆವು. ಅಂಗಡಿಯವರು ತೂಗಿದರು, ಉಜ್ಜಿ ನೋಡಿದರು, ನನ್ನ ಮುಖವನ್ನು ಮಾತ್ರ ನೋಡಲಿಲ್ಲ. ಹೇಳಿದ ಮೊತ್ತ ನಾವು ಎಣಿಸಿದ್ದಕ್ಕಿಂತ ಐದನೆಯ ಒಂದು ಪಾಲು ಕಡಿಮೆ.

“ಯಾಕ್ರೀ ಸಾವಕಾರ್ರ, ಇಷ್ಟ ಯಾಕ ಮುರಕೋತೀರಿ?” ಎಂದು ಕಾಕಿ ಕೇಳಿದಳು.

“ಪಾಕೀಟ ಒಡದೀರಲ್ರಿ ಅಮ್ಮಾರ. ಒಡದ ಮ್ಯಾಲ ಹಿಂಗ ಆಗೂದ.”

ಕಾಕಿ ನನ್ನ ಕಡೆ ತಿರುಗಿದಳು. “ಹೌದೇನ, ಸುಜಾತಾ?”

ಇಲ್ಲ ಎಂದಿದ್ದರೆ ಮುಂದಿನ ಮಾತು ನನ್ನ ನಾಣ್ಯದ್ದಾಗುತ್ತಿತ್ತು. ಅದರ ಮುಂದಿನದು ಪಾಟ್ಲಿಯದು. ನಾನು ಹೇಳಿದೆ: “ಹೌದ ಕಾಕಿ. ಪಾಕೀಟ ಒಡೀಬಾರದಿತ್ತು.”

 ಕೊಟ್ಟಷ್ಟನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡಳು. ಆ ದುಡ್ಡಿಗೆ ರೊಟ್ಟಿಯ ಮಷೀನು ಬರಲಿಲ್ಲ. ಹಿಟ್ಟು ನಾದುವ ಯಂತ್ರವೊಂದನ್ನು ಕೊಂಡಳು. ಆಮೇಲೆ ಮಷೀನಿನ ಬೆಲೆ ಅವಳ ಉಳಿತಾಯಕ್ಕಿಂತ ಮುಂದೆಯೇ ಓಡಿತು. ಇವತ್ತಿಗೂ ಕೈಯಲ್ಲೇ ಬಡಿಯುತ್ತಾಳೆ. ಭುಜಕ್ಕೆ ಬಿಸಿ ಎಣ್ಣೆ ಹಚ್ಚಿ, ಜಡೆಯನ್ನು ಸೊಸೆಯಿಂದ ಹಾಕಿಸಿಕೊಳ್ಳುತ್ತಾಳೆ.

ಸಂಘದಲ್ಲಿ ಬಂಗಾರದ ಮಾತು ಬಂದಾಗಲೆಲ್ಲ ಕಾಕಿ ತನ್ನ ಕತೆಯನ್ನೇ ಹೇಳುತ್ತಾಳೆ. ನಾನೂ ಒಮ್ಮೆ ಅಲ್ಲಿದ್ದೆ.

“ನನ್ನಂಗ ಶ್ಯಾಣ್ಯಾರಾಗಿ ಕತ್ರಿ ಹಾಕಬ್ಯಾಡ್ರೆವ್ವಾ,” ಎಂದಳು.

“ಲಕ್ಷ್ಮೀ ಉಸರ ಬಿಡಸಾಕ ಹೋಗಿ ನಿಂದ ಉಸರ ಹೋತಲ್ಲ, ನೀಲಕ್ಕಾ,” ಎಂದು ಒಬ್ಬಾಕೆ ಅಂದಳು. ಎಲ್ಲರೂ ನಕ್ಕರು. ಕಾಕಿಯೂ ನಕ್ಕಳು. ನಾನೂ ನಕ್ಕೆ.

ಪೆನ್ನು ನಿಂತದ್ದು ಇದಕ್ಕೆ. ಪಾಕೀಟು ಒಡೆದು ನಷ್ಟ ಮಾಡಿಕೊಂಡ ಹೆಣ್ಣುಮಗಳ ಉದಾಹರಣೆ ಸಿದ್ಧವಾಗಿಯೇ ಇತ್ತು, ಊರಿಗೆಲ್ಲ ಗೊತ್ತಿದ್ದದ್ದು, ಅವಳೇ ಒಪ್ಪಿಕೊಂಡದ್ದು. ಅದನ್ನು ಅಚ್ಚು ಹಾಕಿಸಿ ಹಂಚಿದರೆ ನನ್ನ ಸುಳ್ಳು ಕಾಗದದ ಮೇಲೂ ಗಟ್ಟಿಯಾಗುತ್ತಿತ್ತು.

ಮೊದಲು, ನನ್ನ ಮಾತಿನ ಮೇಲೆ ಆ ಅಂಗಡಿಯಲ್ಲಿ ಕೊಂಡಿದ್ದ ಇನ್ನಿಬ್ಬರ ಮನೆಗೆ ಹೋದೆ. ನಿಮ್ಮ ನಾಣ್ಯ ಪರೀಕ್ಷೆ ಮಾಡಿಸಿ, ಕಡಿಮೆ ಬಿದ್ದದ್ದನ್ನು ನಾನು ತುಂಬಿಕೊಡುತ್ತೇನೆ ಎಂದೆ. ಒಬ್ಬರು ನೀರು ಕೊಟ್ಟರು, ಒಬ್ಬರು ಕೊಡಲಿಲ್ಲ. ಅದು ಸರಿಯೇ. ಆಮೇಲಿನ ಭಾನುವಾರ ಬೆಳಿಗ್ಗೆ ಸಂಗೊಳ್ಳಿಗೆ ಹೋದೆ.

ಕಾಕಿ ರೊಟ್ಟಿ ಬಡಿಯುತ್ತಿದ್ದಳು. ಪಕ್ಕದಲ್ಲಿ ಕುಳಿತು ಪಾಟ್ಲಿಯಿಂದ ಶುರು ಮಾಡಿ ಎಲ್ಲವನ್ನೂ ಹೇಳಿದೆ. ಅವಳ ಕೈ ನಿಲ್ಲಲಿಲ್ಲ. ಹೇಳಿ ಮುಗಿದ ಮೇಲೆ ಒಂದು ರೊಟ್ಟಿ ಹೆಂಚಿಗೆ ಹಾಕಿ, ನೀರು ಸವರಿ ಕೇಳಿದಳು:

“ನಿನ್ನ ನಾಣ್ಯ ಬದಲಿ ಮಾಡಿ ಕೊಟ್ನೇನು?”

“ಕೊಟ್ಟ.”

“ಚೊಲೋದು ಕೊಟ್ನ?”

“ಚೊಲೋದು.”

“ಹೂಂ.”

ಆ ನಾಣ್ಯವನ್ನೂ, ಜೊತೆಗೆ ಅವಳಿಗೆ ಕಡಿಮೆ ಬಿದ್ದ ದುಡ್ಡನ್ನೂ ಒಯ್ದಿದ್ದೆ. ಎರಡನ್ನೂ ಅವಳ ಮುಂದಿಟ್ಟೆ.

“ಅತ್ತಾಗ ಇಡು ಅದನ್ನ, ಹಿಟ್ಟ ಹತ್ತತೈತಿ,” ಎಂದಳು. ಮತ್ತೆರಡು ರೊಟ್ಟಿ ಬಡಿದಳು. ಆಮೇಲೆ ನನ್ನನ್ನು ನೋಡದೆ, ಯಾರಿಗೋ ಹೇಳುವಂತೆ ಹೇಳಿದಳು: “ವರ್ಷಾ ಭಾರತ ಹುಣ್ಣಿಮಿಗೆ ಸವದತ್ತಿ ಗುಡ್ಡಕ್ಕ ಹೋಗ್ತೇನಲ್ಲ. ಎಲ್ಲವ್ವಗ ಹರಕಿ ಅಂತ ಮನ್ಯಾಗ ಹೇಳತಿದ್ದೆ. ಹರಕಿ ಅಲ್ಲ ಅದು. ತಪ್ಪಗಾಣಿಕಿ. ಲಕ್ಷ್ಮೀಗೆ ಕತ್ರಿ ಹಚ್ಚಿದ ಕೈ ಅಂತ ಹೇಳಿ, ಗಲ್ಲಾ ಬಡಕೊಂಡು, ಕಾಣಿಕಿ ಹಾಕಿ ಬರತಿದ್ದೆ. ಏಳ ವರ್ಷ.”

ತಪ್ಪು ಮಾಡಿದವರು ದೇವರಿಗೆ ಸಲ್ಲಿಸುವ ಕಾಣಿಕೆ. ನಾನು ಲೆಕ್ಕ ಹಾಕಿದ್ದು ಮಷೀನನ್ನು, ಭುಜವನ್ನು, ಸಂಘದಲ್ಲಿನ ನಗೆಯನ್ನು. ಇದು ನನಗೆ ಗೊತ್ತೇ ಇರಲಿಲ್ಲ. ಗೊತ್ತಿದ್ದರೆ ಬೇಗ ಹೇಳುತ್ತಿದ್ದೆನೇ? — ಹೌದು ಎನ್ನಲು ಧೈರ್ಯವಿಲ್ಲ.

ಸಂಘಕ್ಕೆ ಎರಡು ಪುಟ ಬರೆದುಕೊಟ್ಟಿದ್ದೇನೆ. ಉದಾಹರಣೆಯ ಜಾಗದಲ್ಲಿ ನನ್ನ ಹೆಸರಿದೆ, ಪಾಟ್ಲಿಯ ಮಜೂರಿಯೂ ಇದೆ. ಕಾಕಿಯ ಹೆಸರಿಲ್ಲ, ಪಾಕೀಟು ಒಡೆದರೆ ಬಂಗಾರ ಕರಗುವುದಿಲ್ಲ ಎಂಬುದಿದೆ. ದುಡ್ಡನ್ನು ಅವಳ ಸೊಸೆ ಎತ್ತಿಟ್ಟಿದ್ದಾಳೆ. ಕಾಕಿ ಅದನ್ನು ಮುಟ್ಟಿದಳೋ ಇಲ್ಲವೋ ತಿಳಿಯದು.

ಇದಾಗಿ ಹದಿನೈದು ದಿನವಾಯಿತು. ಎರಡು ಸಲ ಫೋನಿನಲ್ಲಿ ಮಾತಾಡಿದೆವು. ಜೋಳದ ರೇಟು ಹೇಳಿದಳು, ಕಾಕಾನ ಕೆಮ್ಮಿನ ಬಗ್ಗೆ ಹೇಳಿದಳು, ಊಟ ಆಯ್ತೇನು ಎಂದು ಕೇಳಿದಳು. ಆ ಭಾನುವಾರ ಏಳುವ ಮೊದಲು ನಾನು ಕೇಳಿದ ಒಂದು ಮಾತಿಗೆ ಮಾತ್ರ ಉತ್ತರ ಕೊಟ್ಟಿಲ್ಲ:

“ಈ ಸಲದ ಕಾಣಿಕಿ ನಾ ಹಾಕತೇನಿ. ಗುಡ್ಡಕ್ಕ ನಿನ್ನ ಜೋಡಿ ಬರ್ಲ್ಯಾ, ಕಾಕಿ?”