ಮುಕ್ಕಳಿಸಿ ಉಗುಳಿದ ಜರ್ಮನ್ ವೈನು

ಬೆಳಿಗ್ಗೆ ಆಳಂದದಲ್ಲಿ ಅಫಜಲಪುರದ ಬಸ್ಸು ಹತ್ತಿದಾಗ ನನ್ನ ಕೈಚೀಲದಲ್ಲಿ ರೊಟ್ಟಿ ಬುತ್ತಿಯ ಕೆಳಗೆ ಮೂರು ಬಾಟಲಿ ಜರ್ಮನ್ ಬಿಳಿ ವೈನು ಇತ್ತು. ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೆ ಸೀಟು ಸಿಗುವುದು ನಮ್ಮ ಹಣೆಬರಹದಲ್ಲಿಲ್ಲ. ತಗ್ಗು ಬಂದಾಗಲೆಲ್ಲ ಬಾಟಲಿಗಳು ಖಣ್ ಎನ್ನುತ್ತಿದ್ದವು, ನಾನು ಚೀಲವನ್ನು ಎದೆಗೆ ಅವುಚಿಕೊಳ್ಳುತ್ತಿದ್ದೆ. ಬೀಜ-ಗೊಬ್ಬರದ ಅಂಗಡಿಯವನು ನಾನು, ಕೊರಳಲ್ಲಿ ಲಿಂಗ ಕಟ್ಟಿದವನು, ಇಷ್ಟು ವಯಸ್ಸಾದರೂ ಒಂದು ತೊಟ್ಟೂ ಮುಟ್ಟಿದವನಲ್ಲ. ಪಕ್ಕದ ಮುದುಕಿ, "ಔಷಧ ಏನ್ರಿ?" ಎಂದಳು.

"ಹೌದಬೇ ಯವ್ವಾ, ತೊಗರಿ ಬೆಳಿಗಿ ಹೊಡಿಯೂ ಔಷಧ," ಎಂದುಬಿಟ್ಟೆ.

ಇದೆಲ್ಲ ಮಗಳು ಗೌರಿಯ ಕಾರಬಾರು. ವಿಜಯಪುರದ ಕಡೆ ವೈನು ಮಾಡುವ ಕಾರ್ಖಾನೆಯಲ್ಲಿ ಅವಳಿಗೆ ಕೆಲಸ. ಅಫಜಲಪುರದ ಹತ್ತಿರದ ನಮ್ಮ ಹೊಲದಲ್ಲಿ ವೈನಿಗೆಂದೇ ಎರಡು ಎಕರೆ ಬಿಳಿ ದ್ರಾಕ್ಷಿ ಹಚ್ಚುತ್ತೇನೆಂದು ಹಟ ಹಿಡಿದಿದ್ದಳು. ನಮ್ಮವ್ವ, "ಕುಡಿಯೂ ಸೆರಿ ಮಾಡೂ ಹಣ್ಣು ನಮ್ಮ ಹೊಲದಾಗ ಬ್ಯಾಡ" ಎಂದು ಕೂತುಬಿಟ್ಟಿದ್ದಳು. ಹೊಲ ನನ್ನ ಹೆಸರಿನಲ್ಲಿತ್ತು, ಕಡೆಯ ಮಾತು ನನ್ನದು. "ರುಚಿ ನೋಡದ ಬ್ಯಾಡ ಅನಬ್ಯಾಡಪ್ಪಾ," ಎಂದು ಅದೇ ಜಾತಿ ದ್ರಾಕ್ಷಿಯಿಂದ ಜರ್ಮನಿಯವರು ಮಾಡುವ, ಅಗ್ಗದಲ್ಲಿ ಸಿಗುವ ಮೂರು ಬಗೆಯನ್ನು ಅವಳೇ ತರಿಸಿ ಕಳಿಸಿದ್ದಳು. ಸಂಜೆ ಜೇವರ್ಗಿಗೆ, ನನ್ನ ತಂಗಿಯ ಮನೆಗೆ ಅವಳು ಬರುವವಳಿದ್ದಳು, ಅಲ್ಲಿ ಉತ್ತರ ಕೊಡಬೇಕಿತ್ತು. ಹೊಲಕ್ಕಿಂತ ಬೇರೆಯದೇ ಒಂದು ಮಾತು ನನ್ನನ್ನು ಕೊರೆಯುತ್ತಿತ್ತು. ಇವಳು ಕುಡಿಯುತ್ತಾಳೋ? ಕೇಳುವ ಧೈರ್ಯ ಬಂದಿರಲಿಲ್ಲ.

ಅಫಜಲಪುರಕ್ಕೆ ಬಾಜು ಹೊಲದ ಇಸ್ಮಾಯಿಲ್ ಜೀಪು ತಂದಿದ್ದ. ಹೊಲ ಮುಟ್ಟುವಾಗ ಬಿಸಿಲು ಚುರುಗುಟ್ಟುತ್ತಿತ್ತು. ತಣ್ಣಗಾಗಲೆಂದು ಬಾಟಲಿಗಳನ್ನು ಕೊಡದಲ್ಲಿಟ್ಟು ಬಾವಿಗೆ ಇಳಿಬಿಟ್ಟೆವು. ಅಷ್ಟರಲ್ಲಿ ಹಸಿವಾಗಿ ಬುತ್ತಿ ಬಿಚ್ಚಿದೆವು. ಜೋಳದ ರೊಟ್ಟಿ, ಪುಂಡಿಪಲ್ಯ, ಕೆಂಪು ಮೆಣಸಿನಕಾಯಿ ಅರೆದ ಖಾರದ ಹಿಂಡಿ. ಅದೇ ತಪ್ಪಾಯಿತು. ಬಾಯಿ ಉರಿಯುತ್ತಿರುವಾಗಲೇ ಮೊದಲ ಬಾಟಲಿಯ ಮುಚ್ಚಳ ತಿರುವಿದೆ. ಎದೆಯ ಮೇಲಿನ ಲಿಂಗ ನೆನಪಾಗಿ ಕೈ ನಿಂತಿತು. ಗೌರಿಗೆ ಫೋನ್ ಹಚ್ಚಿದೆ.

"ನುಂಗಬ್ಯಾಡಪ್ಪಾ. ನಾವು ಕೆಲಸದಾಗ ಮುಕ್ಕಳಿಸಿ ಉಗಳ್ತೇವಿ," ಎಂದಳು.

ಮುಂಜಾನೆ ಬಾಯಿ ತೊಳೆಯುವಂತೆ ಬದುವಿನ ಮೇಲೆ ಕುಕ್ಕರಗಾಲಲ್ಲಿ ಕೂತು ಮುಕ್ಕಳಿಸಿದೆ. ಹುಳಿ ಅಂದರೆ ಹುಳಿ, ಹಸಿ ಹುಣಸೆ. ಖಾರದ ಮೇಲೆ ಬಿದ್ದು ನಾಲಿಗೆ ಹೊತ್ತಿಕೊಂಡಿತು. ಸೀಮೆಎಣ್ಣೆಯ ವಾಸನೆ ಬೇರೆ. ಕಲಬೆರಕೆ ಮಾಲು ಎಂದು ಸಿಟ್ಟಿನಿಂದ ಹೇಳಿದರೆ ಫೋನಿನಲ್ಲಿ ಗೌರಿ ನಕ್ಕಳು. "ಆ ಜಾತಿ ದ್ರಾಕ್ಷಿಗೆ ಒಮ್ಮೊಮ್ಮೆ ಆ ವಾಸನಿ ಬರ್ತದಪ್ಪಾ. ನಿನ್ನ ಮೂಗು ಚಲೋ ಅದ."

ಇಸ್ಮಾಯಿಲ್ ದೂರದಿಂದಲೇ ಮೂಸಿದ. "ನಾ ಮುಟ್ಟಂಗಿಲ್ರಿ ಸಾವಕಾರ್ರ. ಆದ್ರ ಖರೆ, ಚಿಮಣಿ ಬುಡ್ಡಿ ವಾಸನಿ ಬರಾಕತ್ತದ."

ಎರಡನೆಯದು ಅರೆಸಿಹಿ. ಬಾಯಿಗೆ ಹೋದದ್ದೇ ತಡ, ಖಾರದ ಉರಿ ತಣ್ಣಗಾಯಿತು. ಇನ್ನೊಮ್ಮೆ ಮುಕ್ಕಳಿಸಿದೆ. ಉಗುಳಲು ಮನಸ್ಸಾಗಲಿಲ್ಲ, ಆದರೂ ಉಗುಳಿದೆ.

ಜೇವರ್ಗಿಗೆ ಹೊರಟು, ಘತ್ತರಗಿಯಲ್ಲಿ ಭೀಮಾ ನದಿ ದಾಟುವ ಮುಂಚೆ ಜೀಪು ನಿಲ್ಲಿಸಿದೆವು. ಬಾಯಲ್ಲಿ ಇನ್ನೂ ವಾಸನೆಯಿತ್ತು. ಗುಡಿಯೊಳಗೆ ಹೋಗಲಿಲ್ಲ, ರಸ್ತೆಯಿಂದಲೇ ಭಾಗ್ಯವಂತಿ ದೇವಿಗೆ ಕೈಮುಗಿದೆ. ಚಹಾ ತರಿಸಿ ಅರ್ಧಕ್ಕೇ ಬಿಟ್ಟು ಎದ್ದೆ.

"ಯಾಕ್ರಿ, ಒಂದ ಕಡಿ ನಿಂದ್ರವಲ್ರಿ? ಬ್ಯಾಡ ಅನ್ನೂದಿದ್ರ ಬ್ಯಾಡ ಅಂದುಬಿಡ್ರಿ," ಎಂದ ಇಸ್ಮಾಯಿಲ್.

"ಹಂಗ ಅನ್ನಾಕಂತನ ಹೊಂಟೇನಿ," ಎಂದೆ.

ಜೇವರ್ಗಿಯಲ್ಲಿ ತಂಗಿ ಸಂತೆಗೆ ಹೋಗಿದ್ದಳು. ಹಿತ್ತಲಲ್ಲಿ ಗೌರಿ ಮೂರನೆಯ ಬಾಟಲಿಯನ್ನು ಎರಡು ಸ್ಟೀಲ್ ಲೋಟಕ್ಕೆ ಸುರಿದಳು. ಅದು ಪೂರಾ ಸಿಹಿ, ಮಾಗಿದ ಪೇರಲದ ಘಮ. ನಾನು ಮುಕ್ಕಳಿಸಿ ಮಲ್ಲಿಗೆ ಬಳ್ಳಿಯ ಬುಡಕ್ಕೆ ಉಗುಳಿ ತಿರುಗಿ ನೋಡಿದೆ. ಅವಳೂ ಉಗುಳಲಿ ಎಂದು ಜೀವ ಬೇಡುತ್ತಿತ್ತು. ಅವಳು ನನ್ನನ್ನೇ ನೋಡುತ್ತ ನುಂಗಿದಳು.

"ಕೆಲಸದಾಗ ಉಗಳ್ತೇನಿ. ಒಮ್ಮೊಮ್ಮೆ ಊಟದ ಜೋಡಿ ಒಂದೀಟು ಕುಡೀತೇನಿ. ನಿನ್ನ ಮುಂದ ಉಗುಳಿ ತೋರ್ಸಿ ಹೊಲ ಇಸ್ಕೊಳ್ಳಾಕ ನನಗ ಆಗಂಗಿಲ್ಲಪ್ಪಾ."

ಸಿಟ್ಟು ಬಂತು, ದುಃಖವೂ ಬಂತು. ಉಗುಳಿಬಿಟ್ಟಿದ್ದರೆ ಹೊಲ ಅವಳದಾಗುತ್ತಿತ್ತು. ಅದು ಅವಳಿಗೂ ಗೊತ್ತಿತ್ತು, ಆದರೂ ಸುಳ್ಳಾಡಲಿಲ್ಲ. ಹಿತ್ತಲಲ್ಲಿ ಒಂದಷ್ಟು ಹೊತ್ತು ಅತ್ತಿಂದಿತ್ತ ತಿರುಗಾಡಿದೆ.

"ಸಸಿ ಯಾವಾಗ ಬರ್ತಾವ?" ಎಂದೆ.

"ಆಯಿ ಒಪ್ಪಬೇಕಲ್ಲಪ್ಪಾ?"

"ನಮ್ಮವ್ವಗ ನಾ ಹೇಳ್ತೇನಿ. ನೀ ಕುಡಿಯೂದೂ ಹೇಳ್ತೇನಿ."

ಮರುದಿನ ಆಳಂದದ ಬಸ್ಸಿನಲ್ಲಿ ಸೀಟು ಸಿಕ್ಕಿತು, ಕೂರಲಾಗಲಿಲ್ಲ. ಮನೆ ಮುಟ್ಟಿದಾಗ ಅವ್ವ ಅಂಗಳದಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದಳು. ಚಪ್ಪಲಿ ಬಿಡುವ ಮೊದಲೇ ದ್ರಾಕ್ಷಿ ಹಚ್ಚುವುದು, ಗೌರಿ ಕುಡಿಯುವುದು, ನಾನು ಮುಕ್ಕಳಿಸಿದ್ದು, ಎಲ್ಲ ಹೇಳಿಬಿಟ್ಟೆ.